ನೀರಿನ ಮೇಲೆ ಹಾಕಿದ ತಪ್ಪು

ಇಳಿಮನೆ, ಮೂರನೆಯ ಅಂತಸ್ತು
ಶಾಖ ಸಂವತ್ಸರ ನೂರ ತೊಂಬತ್ತೆಂಟು, ಎರಡನೆಯ ಆಷಾಢದ ಮೂವತ್ತೇಳನೆಯ ದಿನ

ಸೊಣ್ಣಮ್ಮನಿಗೆ,

ತಾರೀಖು ನೋಡಿದ ಕೂಡಲೇ ಯಾರೋ ತಮಾಷೆ ಮಾಡುತ್ತಿದ್ದಾರೆಂದು ಕಾಗದವನ್ನು ಹರಿದು ಹಾಕಬೇಡ. ನಮ್ಮಲ್ಲಿ ಆಷಾಢಗಳು ಎರಡು. ಅವು ಪಂಚಾಂಗ ಹೇಳಿದಾಗ ಮುಗಿಯುವುದಿಲ್ಲ, ನೆಲದ ಮೇಲಿನ ಬಿಸಿಗಾಳಿ ನಿಂತಾಗ ಮುಗಿಯುತ್ತವೆ. ಈ ಸಲದ್ದು ಇನ್ನೂ ನಿಂತಿಲ್ಲ. ನನ್ನ ಕನ್ನಡಕ್ಕೂ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಿಮ್ಮ ಕಾಲದ ಬರಹದ ಭಾಷೆಯನ್ನು ನಮಗೆ ಶಾಲೆಯಲ್ಲಿ ಕಲಿಸುತ್ತಾರೆ, ಆದರೆ ಕಲಿತದ್ದು ಕಲಿತದ್ದೇ. ಅಲ್ಲಲ್ಲಿ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಆಗಬಹುದು. ನಿನ್ನ ಹಲ್ಲಿಗೂ ನನ್ನ ಹಲ್ಲಿಗೂ ಕಲ್ಲು ಸಿಕ್ಕರೆ ಏನಾಗುತ್ತದೆಂದು ನಮ್ಮಿಬ್ಬರಿಗೂ ಗೊತ್ತು, ಆದ್ದರಿಂದ ನಿಧಾನವಾಗಿ ಓದು.

ನಾನು ನೆರಳಮ್ಮ. ಇಲ್ಲಿ ಮಕ್ಕಳಿಗೆ ತಂಪಾದ ಹೆಸರುಗಳನ್ನೇ ಇಡುತ್ತಾರೆ. ನನ್ನ ಗಂಡ ತಂಪಣ್ಣ, ಮಗ ಮಂಜ, ಸೊಸೆ ಇಬ್ಬನಿ. ಹೆಸರು ಕೂಗಿದರಾದರೂ ಸ್ವಲ್ಪ ತಣ್ಣಗಾಗಲಿ ಎಂಬ ಆಸೆ, ಅಷ್ಟೇ. ಲೆಕ್ಕ ಹಾಕಿದರೆ ನೀನು ನನ್ನ ಅಜ್ಜಿಯ ಅಜ್ಜಿಯ ಅಜ್ಜಿಗೆ ಅಜ್ಜಿ. ಹಾಗೆಂದು ಕಾಲಿಗೆ ಬೀಳೋಣವೆಂದರೆ ನಿನಗೆ ಈಗಿನ್ನೂ ಇಪ್ಪತ್ತೊಂಬತ್ತು ವರ್ಷ, ನನಗೆ ಅರವತ್ತು ದಾಟಿದೆ. ಯಾರು ಯಾರಿಗೆ ಆಶೀರ್ವಾದ ಮಾಡಬೇಕು? ನಮ್ಮ ಮನೆಯಲ್ಲಿ ಅಜ್ಜಿಯನ್ನು ‘ನೀನು’ ಎಂದೇ ಕರೆಯುವುದು ರೂಢಿ, ಹಾಗೆಯೇ ಕರೆಯುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ಅರವತ್ತು ದಾಟಿದ ಪ್ರತಿಯೊಬ್ಬರಿಗೂ ಇಲ್ಲಿ ಒಂದು ಹಿಂದೋಲೆ ಸಿಗುತ್ತದೆ. ಹಿಂದೋಲೆ ಎಂದರೆ ಹಿಂದಿನ ಕಾಲಕ್ಕೆ ಕಳಿಸುವ ಓಲೆ. ಅದು ಹೇಗೆ ಹೋಗುತ್ತದೆಂದು ನನ್ನನ್ನು ಕೇಳಬೇಡ, ಕಳಿಸುವವರಿಗೂ ಸರಿಯಾಗಿ ಗೊತ್ತಿದ್ದಂತಿಲ್ಲ. ತಲುಪಿತೋ ಇಲ್ಲವೋ ಎಂಬ ಸುದ್ದಿಯೂ ವಾಪಸು ಬರುವುದಿಲ್ಲ. ಬಹಳ ಜನ ಆ ಓಲೆಯನ್ನು ನಿಮ್ಮ ಕಾಲದವರನ್ನು ಬಾಯಿತುಂಬಾ ಬೈಯಲು ಬಳಸುತ್ತಾರೆ, ಮೇಲಿನ ಬಿಸಿಲಿಗೆ ನೀವೇ ಕಾರಣವೆಂದು. ನನಗೆ ಬೈಯುವ ಮನಸ್ಸಿಲ್ಲ. ನನಗೆ ಮಾತಾಡಲು ನನ್ನಂಥವರೊಬ್ಬರು ಬೇಕಿತ್ತು, ಈ ಕಾಲದಲ್ಲಿ ಅಂಥವರು ಯಾರೂ ಉಳಿದಿಲ್ಲ.

ನಾಳೆ ನಾನು ಒಂದು ಮಾತು ಹೇಳಬೇಕಾಗಿದೆ. ಇಬ್ಬನಿ ಬಸುರಿ. ಅವಳ ಹೊಟ್ಟೆಯಲ್ಲಿರುವ ಮಗುವಿಗೆ ನಿನ್ನ ಮತ್ತು ನನ್ನ ಹಲ್ಲು ಬರಲಿದೆ ಎಂದು ಪರೀಕ್ಷೆಯಲ್ಲಿ ಗೊತ್ತಾಗಿದೆ. ಅದನ್ನು ಈಗಲೇ ತಿದ್ದಬಹುದು. ತಿದ್ದಬೇಕೋ ಬೇಡವೋ ಎನ್ನುವುದನ್ನು ನಾನು ಹೇಳಬೇಕು. ಮಗುವಿನ ತಾಯಿಯಲ್ಲ, ತಂದೆಯಲ್ಲ, ನಾನು. ಯಾಕೆ ನಾನೇ ಎನ್ನುವುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ನಾವು ಎಲ್ಲಿದ್ದೇವೆ, ಹೇಗಿದ್ದೇವೆ ಎಂದು ನಿನಗೆ ತಿಳಿಯಬೇಕು.

ನಿನ್ನ ಊರಿಗೆ ಹತ್ತಿರದಲ್ಲೇ, ಹಿಂದೆ ಬಂಗಾರ ತೆಗೆಯುತ್ತಿದ್ದ ಗಣಿಯ ಹೊಟ್ಟೆಯೊಳಗೆ ನಾವಿದ್ದೇವೆ. ಬಿಸಿಲು ತಾಳಲಾರದೆ ಜನ ಒಳಗೆ ಇಳಿದರು, ಅದಕ್ಕೇ ಇದರ ಹೆಸರು ಇಳಿಮನೆ. ಗಣಿಯ ತಳ ಒಲೆಯ ಹಾಗೆ ಕಾದಿರುತ್ತದೆ, ನೆಲದ ಮೇಲೆ ಅದಕ್ಕಿಂತ ಮಿಗಿಲು, ನಡುವಿನ ಕೆಲವು ಅಂತಸ್ತುಗಳಲ್ಲಿ ಮಾತ್ರ ಮನುಷ್ಯರು ಬಾಳಬಹುದು. ಬಂಡೆ ಕೊರೆದ ಓಣಿಗಳು, ಓಣಿಯ ಎರಡೂ ಬದಿಗೆ ಮನೆಗಳು. ನನ್ನದು ಒಂದೇ ಕೋಣೆ, ಗೋಡೆಗೆ ಆತು ಕೂತರೆ ಬೆನ್ನಿಗೆ ಬಂಡೆಯ ಬಿಸುಪು ತಾಗುತ್ತದೆ. ರಾಗಿ ಮಾತ್ರ ನಮ್ಮನ್ನು ಬಿಟ್ಟುಹೋಗಿಲ್ಲ. ದೀಪದ ಬೆಳಕಿನಲ್ಲಿಯೂ ಬೆಳೆಯುತ್ತದೆ, ಮೊಂಡ ಬೆಳೆ. ಮುದ್ದೆಯನ್ನು ಅಗಿಯದೆ ನುಂಗಬೇಕು ಎಂದು ನಿಯಮ ಮಾಡಿದ ಪುಣ್ಯಾತ್ಮರು ಯಾರೋ, ಅವರಿಗೂ ನಮ್ಮಂಥದೇ ಹಲ್ಲು ಇದ್ದಿರಬೇಕು ಎಂದು ನನಗೆ ಅನುಮಾನ. ಪಂಕ್ತಿಯಲ್ಲಿ ಕೂತು ಎಲ್ಲರೂ ನುಂಗುವಾಗ ನಾನೂ ನುಂಗುತ್ತೇನೆ, ಆಗ ಮಾತ್ರ ನನಗೂ ಅವರಿಗೂ ವ್ಯತ್ಯಾಸ ಕಾಣುವುದಿಲ್ಲ.

ಇಲ್ಲಿ ಸೂರ್ಯ ಕಾಣದ ಕಾರಣ ಹೊತ್ತು ಮೂಡಿದ್ದು ಯಾರಿಗೂ ತಿಳಿಯುವುದಿಲ್ಲ. ಗೋಡೆಯ ಗಡಿಯಾರಗಳು ಇವೆ, ಆದರೆ ಗಡಿಯಾರ ನೋಡಿ ಎದ್ದವರಿಗೆ ಎದ್ದ ಹಾಗೇ ಆಗುವುದಿಲ್ಲವಂತೆ. ಆದ್ದರಿಂದ ಹೊತ್ತು ಕೂಗುವವಳು ಎಂದು ಒಬ್ಬಳನ್ನು ಇಡುತ್ತಾರೆ. ಇಪ್ಪತ್ತು ವರ್ಷದಿಂದ ಅದು ನನ್ನ ಕೆಲಸ. ಕೊಳವೆಯ ಬಾಯಿಗೆ ಮುಖವಿಟ್ಟು ‘ಬೆಳಗಾಯ್ತು, ಏಳ್ರಪ್ಪಾ, ಏಳ್ರಮ್ಮಾ’ ಎಂದು ಕೂಗುತ್ತೇನೆ. ಮೇಲೆ ಗಾಳಿ ಹೇಗಿದೆ, ಇವತ್ತು ಯಾರ ಮನೆಯಲ್ಲಿ ನಾಮಕರಣ, ಯಾರು ತೀರಿಕೊಂಡರು ಎಲ್ಲ ಹೇಳುತ್ತೇನೆ. ಓಣಿಓಣಿಗೂ ನನ್ನ ದನಿ ಹೋಗುತ್ತದೆ. ನನ್ನ ದನಿ ಕೇಳದಿದ್ದರೆ ಮಕ್ಕಳು ಹಾಸಿಗೆ ಬಿಟ್ಟು ಏಳುವುದಿಲ್ಲವೆಂದು ತಾಯಂದಿರು ಹೊಗಳುತ್ತಾರೆ. ಅದೇ ತಾಯಂದಿರು ಓಣಿಯಲ್ಲಿ ಎದುರಾದಾಗ ನನ್ನ ಬಾಯಿ ನೋಡುವುದನ್ನು ತಪ್ಪಿಸಲು ನನ್ನ ಹಣೆಯ ಮೇಲೆ ಕಣ್ಣಿಟ್ಟು ಮಾತಾಡುತ್ತಾರೆ. ಕೆಟ್ಟವರಲ್ಲ, ಪಾಪ. ಇಲ್ಲಿ ಎಲ್ಲರ ಹಲ್ಲೂ ಹುಟ್ಟುವ ಮೊದಲೇ ನೋಡಿ ಸರಿಮಾಡಿದವು, ಬಿಳೀ ಜೋಳದ ತೆನೆಯ ಹಾಗೆ. ಅಂಥ ಬಾಯಿಗಳ ನಡುವೆ ನನ್ನದನ್ನು ಎಲ್ಲಿಟ್ಟು ನೋಡಬೇಕೆಂದು ಅವರಿಗೆ ಗೊತ್ತಾಗುವುದಿಲ್ಲ.

ನಿನಗೆ ಮಾತ್ರ ಬಿಡಿಸಿ ಹೇಳಬೇಕಾಗಿಲ್ಲ. ಅರಿಶಿನದ ನೀರಲ್ಲಿ ಅದ್ದಿದಂಥ ಬಣ್ಣ. ಹಲ್ಲಿನ ಮೇಲೆ ಇರಬೇಕಾದ ಗಟ್ಟಿ ಹೊದಿಕೆ, ನಿಮ್ಮ ಡಾಕ್ಟರರು ಎನಾಮಲ್ ಎನ್ನುವುದು, ಅದು ನಮಗೆ ಹುಟ್ಟುವಾಗಲೇ ತೆಳು. ಸುಣ್ಣದ ಗೋಡೆಯಂತೆ ಹಕ್ಕಳೆ ಏಳುತ್ತದೆ. ಹುರಿಗಡಲೆ ಕಡಿದರೆ ಕಡಲೆ ಹಾಗೇ ಇರುತ್ತದೆ, ಹಲ್ಲು ಉದುರುತ್ತದೆ. ತಣ್ಣೀರು ತಾಗಿದರೆ ಚುಳ್ ಎಂದು ನೆತ್ತಿಯವರೆಗೂ ಏರುತ್ತದೆ, ಬಿಸಿ ತಾಗಿದರೂ ಅದೇ. ನನ್ನ ಗಂಡ ಇದ್ದಷ್ಟು ದಿನ ನಾನು ಕುಡಿಯುವ ನೀರಿಗೆ ಮೊದಲು ಬೆರಳು ಅದ್ದಿ ನೋಡುತ್ತಿದ್ದ. ಕಡಲೆಕಾಯಿಯನ್ನು ಕಲ್ಲಿನಲ್ಲಿ ಅರೆದು ಬೆಲ್ಲ ಸೇರಿಸಿ ಉಂಡೆ ಮಾಡಿ ಕೊಡುತ್ತಿದ್ದ, ತನಗೆ ಬೇಕಾಗಿ ಮಾಡಿದವನ ಹಾಗೆ ಮೊದಲು ತಾನೇ ಒಂದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಒಳ್ಳೆಯವನು. ಆದರೂ ಬೆರಳಿಗೆ ತಿಳಿಯುವುದು ಬಿಸಿ ಎಷ್ಟು, ತಂಪು ಎಷ್ಟು ಎಂಬುದಷ್ಟೇ. ನನ್ನ ಅಮ್ಮ ಇದ್ದಳಲ್ಲ, ಅವಳಿಗೂ ನಮ್ಮದೇ ಹಲ್ಲು. ಅವಳು ನೀರನ್ನು ತಾನೊಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಆಮೇಲೆ ನನ್ನ ಕಡೆ ಲೋಟ ಚಾಚುತ್ತಿದ್ದಳು. ಅವಳು ಹೋದ ಮೇಲೆ ಹಾಗೆ ಲೋಟ ಚಾಚುವವರು ನನಗೆ ಸಿಗಲಿಲ್ಲ, ಅದು ನನಗೆ ದಿನವೂ ನೆನಪಾಗುತ್ತದೆ.

ಚಿಕ್ಕಂದಿನ ಒಂದು ಸಂಗತಿ ಹೇಳುತ್ತೇನೆ. ನಿಮ್ಮಲ್ಲಿ ಹಾಲುಹಲ್ಲು ಬಿದ್ದರೆ ಸಗಣಿಯಲ್ಲಿಟ್ಟು ಸೂರಿನ ಮೇಲೆ ಎಸೆಯುತ್ತೀರಂತೆ. ಇಲ್ಲಿ ಸೂರು ಎಲ್ಲಿದೆ? ಹಾಗಾಗಿ ಮೊದಲ ಹಲ್ಲು ಬಿದ್ದ ಮಗುವನ್ನು ತೊಟ್ಟಿಲಿನಲ್ಲಿ ಕೂರಿಸಿ, ತೊಟ್ಟಿಲು ಎಂದರೆ ಗಣಿಯ ಬಾವಿಯಲ್ಲಿ ಏರಿಳಿಯುವ ಲಿಫ್ಟು, ನೆಲದ ಮೇಲಕ್ಕೆ ಒಯ್ಯುತ್ತಾರೆ. ಮಗು ತನ್ನ ಕೈಯಾರೆ ಹಲ್ಲನ್ನು ಸೂರ್ಯನ ಕಡೆಗೆ ಎಸೆಯಬೇಕು. ಹೆಚ್ಚಿನವರು ಸೂರ್ಯನನ್ನು ಕಾಣುವುದು ಆ ಒಂದೇ ಸಲ. ನನ್ನ ಓರಗೆಯವರೆಲ್ಲ ಹೋಗಿಬಂದು ಆಕಾಶ ಹೀಗಿತ್ತು ಹಾಗಿತ್ತು ಎಂದು ಜಂಬ ಕೊಚ್ಚುತ್ತಿದ್ದರು. ನನ್ನ ಹಲ್ಲುಗಳೋ, ಬೀಳುವ ಮೊದಲೇ ಸವೆದು ವಸಡಿನ ಮಟ್ಟಕ್ಕೆ ಬಂದಿದ್ದವು, ಬಿದ್ದಾಗ ಅಕ್ಕಿನುಚ್ಚಿನಷ್ಟು ಸಿಕ್ಕವು. ತೊಟ್ಟಿಲು ಕಾಯುವವನು ಅದನ್ನು ಅಂಗೈಯಲ್ಲಿ ಉರುಳಿಸಿ ನೋಡಿ, “ಇದು ಹಲ್ಲಲ್ಲ ಕಣಮ್ಮೀ, ನುಚ್ಚು. ದೊಡ್ಡದು ಬಿದ್ದಾಗ ತಕೊಂಬಾ” ಎಂದ. ದೊಡ್ಡದು ಬೀಳಲೇ ಇಲ್ಲ. ಅಮ್ಮ ಜಗಳವಾಡಿ, ಹಿರಿಯರ ಮುಂದೆ ನ್ಯಾಯ ಕೇಳಿ, ಹನ್ನೊಂದನೆಯ ವರ್ಷದಲ್ಲಿ ನನ್ನನ್ನು ಮೇಲಕ್ಕೆ ಕರೆದೊಯ್ದಳು. ಅಷ್ಟು ದೊಡ್ಡ ಹುಡುಗಿ ನಾನೊಬ್ಬಳೇ. ಬೆಳಕಿಗೆ ಕಣ್ಣು ಬಿಡಲು ಆಗಲಿಲ್ಲ, ಅತ್ತುಕೊಂಡು ಇಳಿದುಬಂದೆ.

ಈಗ ಯಾಕೆ ನಾನೇ ನಿರ್ಧರಿಸಬೇಕು ಎನ್ನುವುದಕ್ಕೆ ಬರುತ್ತೇನೆ. ತಿದ್ದುಮನೆ ಎಂದರೆ ಹುಟ್ಟುವ ಮೊದಲೇ ಮಗುವಿನ ಊನಗಳನ್ನು ಸರಿಮಾಡುವ ಜಾಗ. ಬಹಳ ಹಿಂದೆ ಅಲ್ಲಿಯವರು ಯಾರನ್ನೂ ಕೇಳದೆ ಕಿವುಡುತನವನ್ನು ತಿದ್ದಿಬಿಟ್ಟರು. ಒಂದೇ ತಲೆಮಾರಿನಲ್ಲಿ ಕೈಮಾತು ಆಡುವ ಎಳೆಯರೇ ಇಲ್ಲವಾದರು. ಹಳೆಯ ಕಿವುಡರು ಒಬ್ಬೊಬ್ಬರೇ ಉಳಿದು, ಕೈ ಕಟ್ಟಿಕೊಂಡು ಕೂತು, ಮಾತಿಲ್ಲದೆ ಸತ್ತರು. ಆ ಪಾಪಪ್ರಜ್ಞೆಯಿಂದ ಹುಟ್ಟಿದ ಪದ್ಧತಿಗೆ ಉಂಡವರ ಮಾತು ಎಂದು ಹೆಸರು. ಯಾವ ಊನವನ್ನೇ ಆಗಲಿ ತಿದ್ದುವ ಮುನ್ನ ಅದನ್ನು ಮೈಯಲ್ಲಿ ಉಂಡವರು ಹೌದು ಎನ್ನಬೇಕು. ಅವರು ಬೇಡವೆಂದರೆ ಬೇಡ. ನಮ್ಮ ಹಲ್ಲನ್ನು ಉಂಡವಳು ಈಗ ಇಳಿಮನೆಯಲ್ಲಿ ನಾನೊಬ್ಬಳೇ. ನಾನು ಹುಟ್ಟುವ ಮೊದಲೇ ಅಮ್ಮ ಹೌದು ಎನ್ನಬಹುದಿತ್ತಲ್ಲ ಎಂದು ನೀನು ಕೇಳಬಹುದು. ನಮ್ಮ ಊನ ಎಲ್ಲಿ ಅಡಗಿದೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ, ಯಾರೂ ಹುಡುಕಲೂ ಇಲ್ಲ.

ಯಾಕೆ ಹುಡುಕಲಿಲ್ಲ ಎಂದರೆ, ಸೊಣ್ಣಮ್ಮ, ಎಲ್ಲರೂ ನೀರನ್ನು ದೂರುತ್ತಿದ್ದರು. ನಿಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡು ಹೆಚ್ಚು, ಅದರಿಂದ ಊರೂರಲ್ಲಿ ಜನರ ಹಲ್ಲಿನ ಮೇಲೆ ಕಂದು ಪಟ್ಟೆ. ಅದು ನಿಜವೇ. ಊರಿಗೆಲ್ಲ ಕಂದು ಹಲ್ಲು ಇರುವಾಗ ನಮ್ಮ ಮನೆಯವರ ಹಳದಿ ಹಲ್ಲು ಬೇರೆಯದೆಂದು ಯಾರಿಗೆ ಹೊಳೆಯಬೇಕು? ಬೇರೆ ಯಾವ ಸೀಮೆಯಲ್ಲಾಗಿದ್ದರೂ ಒಬ್ಬ ಡಾಕ್ಟರು ಇದೇನೆಂದು ಬಾಯಿ ತೆರೆಸಿ ನೋಡುತ್ತಿದ್ದ. ನಿಮ್ಮಲ್ಲಿ ಮಾತ್ರ ‘ನೀರು’ ಎಂದ, ಮುಂದಿನವರನ್ನು ಕರೆದ. ಹೀಗೆ ನಮ್ಮ ಮನೆಯವರು ನೀರಿನಿಂದ ನೀರಿಗೆ ಓಡಿದರು. ಕ್ಯಾನಿನ ನೀರು ತಂದರು. ಮಳೆ ನೀರು ಹಿಡಿದರು. ಮಗಳನ್ನು ಹೊಳೆ ಹರಿಯುವ ಊರಿನ ನೆಂಟರಿಗೆ ಕೊಟ್ಟರು. ಹಲ್ಲು ಅವರ ಹಿಂದೆಯೇ ಹೋಯಿತು.

ನಿಜ ಸಂಗತಿ ಇಷ್ಟು. ಈ ಊನ ತಾಯಿ ಕಡೆಯಿಂದಲೂ ತಂದೆ ಕಡೆಯಿಂದಲೂ ಎರಡೂ ಬಂದು ಕೂಡಿದರೆ ಮಾತ್ರ ಹಲ್ಲಿನಲ್ಲಿ ತೋರುತ್ತದೆ. ಒಂದೇ ಕಡೆಯಿಂದ ಬಂದರೆ ಹಲ್ಲು ಬೆಳ್ಳಗೇ ಇದ್ದು ಒಳಗೆ ಅಡಗಿರುತ್ತದೆ. ನಿನ್ನನ್ನು ನೋಡಲು ಬಂದ ಹೊರಗಿನ ಗಂಡಿನವರು ಉಪ್ಪಿಟ್ಟು ತಿಂದು ಕಾಫಿ ಕುಡಿದು ಹೋದವರು ಮತ್ತೆ ಸುದ್ದಿ ಕಳಿಸಲಿಲ್ಲ. ಕೊನೆಗೆ ನಿನ್ನ ತಾಯಿ ತನ್ನ ತಮ್ಮನಿಗೇ ನಿನ್ನನ್ನು ಕೊಟ್ಟಳು. ಹೊರಗಿನವರು ಒಲ್ಲೆ ಎಂದದ್ದಕ್ಕೆ ನಾವು ಒಳಗೊಳಗೇ ಮದುವೆಯಾದೆವು, ಒಳಗೊಳಗೇ ಮದುವೆಯಾದದ್ದಕ್ಕೆ ಹಲ್ಲು ಮತ್ತೆ ಮತ್ತೆ ಬಂತು, ಹಲ್ಲು ಬಂದದ್ದಕ್ಕೆ ಹೊರಗಿನವರು ಮತ್ತೆ ಒಲ್ಲೆ ಎಂದರು. ನನ್ನ ಗಂಡ ನನಗೆ ಸೋದರಮಾವ. ಇಬ್ಬನಿ ನನ್ನ ತಮ್ಮನ ಮಗಳು. ಇಷ್ಟಾದರೂ ನಮಗೆ ಬುದ್ಧಿ ಬರಲಿಲ್ಲ, ಯಾಕೆಂದರೆ ಈ ಗಣಿಯಲ್ಲಿಯೂ ನಾವು ನೀರನ್ನೇ ಅನುಮಾನಿಸುತ್ತಿದ್ದೆವು. ಬಂಡೆಯ ನೀರು ಎಂದು.

ತಿದ್ದುಮನೆಯ ಡಾಕ್ಟರಮ್ಮನಿಗೆ ಊನದ ಜಾಡು ಸಿಕ್ಕಿದ್ದು ಇಬ್ಬನಿಯ ಪರೀಕ್ಷೆಯಲ್ಲಿ. ತಿದ್ದಲು ಅವರಿಗೆ ನನ್ನ ಒಂದು ಹಲ್ಲು ಬೇಕು, ಸವೆಯದ ಹಲ್ಲು. ನನ್ನ ದವಡೆಯ ಒಳಗೆ ವಸಡು ಸೀಳಿ ಹೊರಬರಲಾರದೆ ಉಳಿದ ಹಲ್ಲೊಂದಿದೆಯಂತೆ. ಅದನ್ನು ತೆಗೆದರೆ ಅದರಿಂದ ದಾರಿ ಹಿಡಿದು ಮಗುವಿನಲ್ಲಿ ತಪ್ಪಿದ್ದನ್ನು ಸರಿಮಾಡುತ್ತಾರೆ. ನನಗೆ ನೋವಿನ ಭಯವಿಲ್ಲ, ನೋವಿನ ಜೊತೆ ಸಂಸಾರ ಮಾಡಿದವಳು. ನಾನು ಹಿಂಜರಿದದ್ದು ಇಬ್ಬನಿಯ ಮಾತಿಗೆ.

ಅವಳು ಮೊನ್ನೆ ನನ್ನ ಕೋಣೆಗೆ ಬಂದು, ಬಂಡೆಗೆ ಒರಗಿ ಕೂತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೇಳಿದಳು: “ಅತ್ತೇ, ಬೇಡ ಅನ್ನು. ನಿನ್ ಹಲ್ಲೇ ಬರ್ಲಿ ಬುಡು. ನೀನು ಬದ್ಕಿಲ್ವಾ? ಮೊಗು ನಿನ್ ಪಕ್ದಾಗೆ ಕುಂತ್ಕೊಂಡು ನಿನ್ ಲೋಟದಾಗೇ ನೀರ್ ಕುಡೀಲಿ. ನೀನೊಬ್ಳೇ ಆಗೋಗಿದ್ದೀಯ, ನಂಗೆ ಕಾಣಕಿಲ್ವಾ?” ಮಂಜ ಬಾಗಿಲ ಹತ್ತಿರ ನಿಂತು, “ಅಮ್ಮಾ, ನೀನು ಏನಂದ್ರೂ ಸರಿ ಕಣಮ್ಮಾ” ಎಂದ. ಅವನು ಯಾವಾಗಲೂ ಹಾಗೆಯೇ, ಜವಾಬ್ದಾರಿ ಬಂದರೆ ಬಾಗಿಲ ಹತ್ತಿರ ನಿಲ್ಲುತ್ತಾನೆ. ಆದರೆ ಇಬ್ಬನಿ ಸುಮ್ಮನೆ ಬಾಯಿಮಾತಿಗೆ ಹೇಳಿದವಳಲ್ಲ. ತನ್ನ ಮಗುವನ್ನು ನನಗೆ ಜೊತೆಯಾಗಿ ಕೊಡಲು ಬಂದಿದ್ದಳು. ಅಮ್ಮನೂ ಗಂಡನೂ ಹೋದ ಮೇಲೆ ನನ್ನ ಬಾಯಿಯನ್ನು ನೇರವಾಗಿ ನೋಡಿ ಮಾತಾಡಿದವಳು ಅವಳೊಬ್ಬಳೇ.

ನಿನ್ನ ಹತ್ತಿರ ಮುಚ್ಚಿಡುವುದೇನು, ನನಗೆ ಆಸೆಯಾಯಿತು. ಬಹಳ ಆಸೆಯಾಯಿತು. ನನ್ನಂಥದೇ ಹಲ್ಲಿನ ಒಂದು ಮಗು ನನ್ನ ಮಗ್ಗುಲಲ್ಲಿ ಕೂತಿದೆ, ನಾನು ನೀರು ಕುಡಿದು ನೋಡಿ ಅದಕ್ಕೆ ಕೊಡುತ್ತಿದ್ದೇನೆ. ಹೇಳದೆ ಅದಕ್ಕೆ ಅರ್ಥವಾಗುತ್ತದೆ. ಹೊತ್ತು ಕೂಗಿ ಬಂದು ಕೂತಾಗಲೆಲ್ಲ ಅದನ್ನೇ ನೆನೆಸಿಕೊಂಡೆ. ನೆನೆಸಿಕೊಳ್ಳುತ್ತಾ ಆ ಮಗು ದೊಡ್ಡದಾಯಿತು, ಓಣಿಯಲ್ಲಿ ನಡೆಯಿತು, ಎದುರು ಬಂದವರು ಅದರ ಹಣೆ ನೋಡಿದರು. ನಾನು ಸತ್ತ ಮೇಲೆ ಅದರ ನೀರನ್ನು ಯಾರು ಕುಡಿದು ನೋಡುತ್ತಾರೆ? ಅದು ಯಾರಿಗೆ ಕಾಗದ ಬರೆಯುತ್ತದೆ? ನನ್ನ ಒಂಟಿತನ ಕಳೆಯಲು ಒಂದು ಮಗುವನ್ನು ನನಗಿಂತ ಒಂಟಿ ಮಾಡಿ ಹೋಗುವುದು ನನ್ನಿಂದ ಆಗದು.

ನಾಳೆ ನಾನು ಹೌದು ಎನ್ನುತ್ತೇನೆ. ಇಬ್ಬನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಅಳುತ್ತಾಳೆ, ಅವಳು ಅತ್ತರೆ ನನ್ನ ಮನಸ್ಸು ಕರಗುತ್ತದೆ. ಮಗು ಹುಟ್ಟಲಿ. ತಣ್ಣೀರು ಗಟಗಟ ಕುಡಿಯಲಿ, ಹುರಿಗಡಲೆ ಕಟಕಟ ಕಡಿಯಲಿ. ಅದರ ಪಕ್ಕದಲ್ಲಿ ಕೂತು ಆ ಸದ್ದು ಕೇಳುವಾಗ ನನಗೆ ಸಂತೋಷವಾಗುತ್ತದೆ, ನಿಜವಾಗಿಯೂ ಆಗುತ್ತದೆ. ಹೊಟ್ಟೆಕಿಚ್ಚೂ ಸ್ವಲ್ಪ ಆಗಬಹುದು, ಅಜ್ಜಿಯಾದರೇನು, ಮನುಷ್ಯಳಲ್ಲವೇ? ಮತ್ತು ಅವತ್ತಿನಿಂದ ಈ ಲೋಕದಲ್ಲಿ ಚುಳ್ ಎಂದರೆ ಏನೆಂದು ಗೊತ್ತಿರುವ ಕೊನೆಯವಳು ನಾನೇ ಆಗುತ್ತೇನೆ. ಮುಂದಕ್ಕೆ ನೋಡಿದರೆ ನನ್ನ ಹಾಗಿನವರು ಯಾರೂ ಇಲ್ಲ. ಹಿಂದಕ್ಕೆ ನೋಡಿದೆ, ನೀನು ಕಂಡೆ.

ಇದು ನನ್ನ ಕೈಯಲ್ಲಿದ್ದ ಕೆಲಸ. ನಿನ್ನ ಕೈಯಲ್ಲಿರುವುದು ಒಂದಿದೆ, ಅದನ್ನು ಕೇಳಿಕೊಂಡು ಮುಗಿಸುತ್ತೇನೆ. ನಿನ್ನ ಮಗಳು ಲಿಖಿತಾಳಿಗೆ ಈಗ ಏಳು ನಡೆಯುತ್ತಿದೆ. ನಿನ್ನ ಬಾಳು ಅವಳಿಗೆ ಬರಬಾರದೆಂದು ಹುಟ್ಟಿದಾಗಿನಿಂದ ಕ್ಯಾನಿನ ನೀರನ್ನೇ ಕುಡಿಸಿದ್ದೀಯ, ಶಾಲೆಗೂ ಬಾಟಲಿ ತುಂಬಿಸಿ ಕಳಿಸುತ್ತೀಯ, ನಲ್ಲಿ ನೀರು ಮುಟ್ಟಬೇಡವೆಂದು ಆಣೆ ಹಾಕಿಸಿಕೊಂಡಿದ್ದೀಯ. ಹಾಲುಹಲ್ಲು ಹಳದಿಯಾಗಿದ್ದಕ್ಕೆ ‘ಬಸುರಿಯಾಗಿದ್ದಾಗ ನಾನು ಕುಡಿದ ನೀರು ಕಾರಣ, ಹೊಸ ಹಲ್ಲು ಬೆಳ್ಳಗೆ ಬರುತ್ತದೆ’ ಎಂದು ಸಮಾಧಾನ ಮಾಡಿಕೊಂಡಿದ್ದೀಯ. ಹೊಸ ಹಲ್ಲು ಇನ್ನು ಸ್ವಲ್ಪ ದಿನದಲ್ಲಿ ಮೂಡುತ್ತದೆ. ಅದೂ ಹಳದಿಯೇ. ಅವಳು ಶಾಲೆಯಲ್ಲಿ ಕದ್ದು ನಲ್ಲಿ ನೀರು ಕುಡಿದಿದ್ದಾಳೆ ಎಂದುಕೊಂಡು ನೀನು ಅವಳ ಬಾಯಿಯ ಮೇಲೆ ಹೊಡೆಯುತ್ತೀಯ. ನಮ್ಮ ಮನೆಯ ಹೆಂಗಸರು ಏನೇನೋ ಮರೆತಿದ್ದಾರೆ, ಆ ಹೊಡೆತವನ್ನು ಮರೆತಿಲ್ಲ. ಲಿಖಿತಾ ಮುದುಕಿಯಾಗಿ, ಹಲ್ಲೆಲ್ಲ ಹೋಗಿ, ಸಾಯುವ ಹೊತ್ತಿನಲ್ಲಿಯೂ ಪಕ್ಕದಲ್ಲಿದ್ದವರಿಗೆ, “ನಾನ್ ಕುಡೀಲಿಲ್ಲ ಕಣಮ್ಮಾ” ಎಂದಳಂತೆ.

ಅವಳು ಕುಡಿದಿಲ್ಲ, ಸೊಣ್ಣಮ್ಮ. ನೀನೂ ಏನೂ ತಪ್ಪು ಮಾಡಿಲ್ಲ. ಹೊಸ ಹಲ್ಲು ಕಂಡ ದಿನ ಕೈ ಎತ್ತಬೇಡ, ಹತ್ತಿರ ಕರೆದುಕೊಂಡು ನೀರಿನ ಲೋಟ ಕೊಡು. ಕೊಡುವ ಮೊದಲು ನೀನೊಂದು ಗುಟುಕು ಕುಡಿದು ನೋಡು.

ನಿನ್ನವಳು,
ನೆರಳಮ್ಮ